ಓದುಗರ ಪ್ರಶ್ನೆ: ರೋಹುವಿಗೆ ಯಾವ ಎರೆ?

ಪ್ರಶ್ನೆ: ಕಳೆದ ಎರಡು ಭಾನುವಾರ ಬೆಂಗಳೂರಿನ ಹೊರವಲಯದ ಕೆರೆಯೊಂದರಲ್ಲಿ, ಗುತ್ತಿಗೆದಾರರ ಒಪ್ಪಿಗೆ ಪಡೆದು ಗಾಳ ಹಾಕಿದೆ. ಎರೆಹುಳುವಿಗೂ ಹಸಿ ರಾಗಿಹಿಟ್ಟಿನ ಉಂಡೆಗೂ ಅಂಗೈಯಗಲದ ಜಿಲೇಬಿ ಮೀನುಗಳಷ್ಟೇ ಸಿಕ್ಕವು. ರೋಹು, ಕಾಟ್ಲಾ ಹಿಡಿಯಲು ಯಾವ ಎರೆ ಸೂಕ್ತ?
— ಓದುಗರೊಬ್ಬರು, ಯಲಹಂಕ

ಉತ್ತರ: ಎರೆಹುಳುವನ್ನು ಕಂಡರೆ ಜಿಲೇಬಿ ಮೀನು ಬೇರೆಯವಕ್ಕೆ ಸರದಿಯನ್ನೇ ಬಿಡುವುದಿಲ್ಲವಾದ್ದರಿಂದ, ರೋಹು, ಕಾಟ್ಲಾದಂಥ ಗೆಂಡೆ ಜಾತಿಯ ಮೀನು ಬೇಕೆನ್ನುವವರು ಮೊದಲು ಅದನ್ನು ಕೈಬಿಡಬೇಕು. ಹಸಿಹಿಟ್ಟಿನ ಉಂಡೆ ನೀರಿನಲ್ಲಿ ಬೇಗ ಕರಗುತ್ತದೆ. ಸಣ್ಣ ಮೀನುಗಳು ಅದನ್ನು ಕುಕ್ಕಿ ಕುಕ್ಕಿ ಮುಗಿಸುತ್ತವೆ. ಬದಲಾಗಿ ರಾಗಿಹಿಟ್ಟನ್ನು ಮುದ್ದೆಯಂತೆ ಗಟ್ಟಿಯಾಗಿ ಬೇಯಿಸಿ, ಪುಡಿಮಾಡಿದ ಕಡಲೆಕಾಯಿ ಹಿಂಡಿಯನ್ನು ಬೆರೆಸಿ ಚೆನ್ನಾಗಿ ನಾದಿ, ಕೊಕ್ಕೆ ಮುಚ್ಚುವಷ್ಟು ದೊಡ್ಡ ಉಂಡೆ ಕಟ್ಟಿರಿ. (ಮನೆಯಲ್ಲಿ ಮಿಕ್ಕ ಮುದ್ದೆಯೂ ಆದೀತು, ಉಪ್ಪುಸಾರು ಬೆರೆತಿರಬಾರದಷ್ಟೆ.)

ಎರೆಗಿಂತಲೂ ಆಳವೇ ಮುಖ್ಯವೆಂಬುದು ನನ್ನ ಅಭಿಪ್ರಾಯ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ, ತಳಕ್ಕೆ ಸೀಸದ ಗುಂಡು ಇಳಿಸಿ ಕಾಟ್ಲಾಗಾಗಿ ಕಾಯುವುದು ವ್ಯರ್ಥ. ಗಾಳದ ದಾರದಲ್ಲಿ ತೇಲುವ ಬೆಂಡನ್ನು ಸರಿಸಿ ಆಳವನ್ನು ಬದಲಿಸುತ್ತ ನೋಡಿರಿ. ಚಳಿಗಾಲದಲ್ಲಿ ನೀರು ತಣ್ಣಗಾದಾಗ ಇವು ಮೇವು ತಿನ್ನುವುದು ಕಡಿಮೆಯಾದ್ದರಿಂದ, ಬಿಸಿಲೇರಿದ ಮೇಲೆ ಹೋಗುವುದು ಲೇಸು. ಇನ್ನು ಮಹಶೀರ್‌ನ ಆಸೆಯಿಂದ ಕಾವೇರಿ ವನ್ಯಜೀವಿಧಾಮದತ್ತ ಗಾಳ ಹಿಡಿದು ಹೊರಡಬೇಡಿ. ಅಲ್ಲಿನ ಕಿತ್ತಳೆ ರೆಕ್ಕೆಯ ಮಹಶೀರ್ ತೀವ್ರ ಅಳಿವಿನಂಚಿನಲ್ಲಿದೆಯೆಂದು 2018ರಲ್ಲೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಗೆ ಸೇರಿದೆ.