ಸೇತುವೆ ಮೇಲೆ ಎಡವೋ, ಬಲವೋ?

ಮೂಲ್ಕಿಯ ಓದುಗರೊಬ್ಬರು ಬರೆದಿದ್ದಾರೆ: ‘ಶಾಂಭವಿ ಸೇತುವೆ ದಾಟಿದರೆ ಹೆಜಮಾಡಿ, ಅಲ್ಲಿಂದ ಉಡುಪಿ ಜಿಲ್ಲೆ ಶುರು. ಬೋರ್ಡ್ ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ಆದರೆ ಥಾಯ್ಲೆಂಡಿನಲ್ಲಿ ಎಡಕ್ಕೆ, ಪಕ್ಕದ ಲಾವೋಸಿನಲ್ಲಿ ಬಲಕ್ಕೆ ಗಾಡಿ ಓಡಿಸುತ್ತಾರಂತೆ. ನಡುವೆ ಮೆಕಾಂಗ್ ನದಿಗೆ ಒಂದು ಸೇತುವೆ. ಅದರ ಮೇಲೆ ಗುದ್ದಿಕೊಳ್ಳುವುದಿಲ್ಲವೇ?’

ಇಲ್ಲ ಮಾರಾಯ್ರೇ. ಸೇತುವೆಯ ಉದ್ದಕ್ಕೂ ಥಾಯ್ ಕ್ರಮವೇ, ಅಂದರೆ ನಮ್ಮ ಹಾಗೆ ಎಡಬದಿ. ದೇಶ ಬದಲಾಗುವುದು ನದಿಯ ಮೇಲೆ, ಬದಿ ಬದಲಾಗುವುದು ಆಚೆ ದಡದಲ್ಲಿ. ನಾನೊಮ್ಮೆ ಥಾಯ್ ದಡದ ನಾಂಗ್ ಖಾಯ್ ಊರಿನ ಕಡೆಯಿಂದ ಬಸ್ಸಿನಲ್ಲಿ ದಾಟಿದ್ದೆ. ಕಿಟಕಿ ಪಕ್ಕ ಕೂತು ಕಂಬದ ಬಾವುಟ ನೋಡುತ್ತಿದ್ದೆ. ಥಾಯ್ ಬಾವುಟಗಳ ಸಾಲು ಮುಗಿದು ಲಾವೋಸಿನ ಬಿಳಿ ಚಂದ್ರನ ಬಾವುಟ ಶುರುವಾಯಿತು, ಬಸ್ಸು ಮಾತ್ರ ಎಡಬದಿ ಬಿಡಲಿಲ್ಲ. ಸೇತುವೆ ಇಳಿದ ಮೇಲೆ, ಲಾವೋಸಿನ ಚೆಕ್‌ಪೋಸ್ಟಿಗೆ ಸ್ವಲ್ಪ ಮುಂಚೆ ಒಂದು ಸಿಗ್ನಲ್. ಅಲ್ಲಿ ಎರಡೂ ದಾರಿಗಳು ಕತ್ತರಿಯ ಹಾಗೆ ಅಡ್ಡ ಹಾಯುತ್ತವೆ. ಹಸಿರು ಬಿತ್ತು, ಬಸ್ಸು ಓರೆಯಾಗಿ ದಾಟಿ ಬಲಬದಿ ಹಿಡಿಯಿತು. ಯಾರೂ ತಲೆಯೆತ್ತಿ ನೋಡಲಿಲ್ಲ, ನನ್ನ ಕಾಲು ಮಾತ್ರ ಇಲ್ಲದ ಬ್ರೇಕ್ ಒತ್ತುತ್ತಿತ್ತು. (ಹೆದ್ದಾರಿ 66ರಲ್ಲಿ ಯು-ಟರ್ನ್ ದೂರ ಅಂತ ಎದುರಿಂದಲೇ ಬರುವ ನಮ್ಮ ಸ್ಕೂಟರ್‌ನವರಿಗೆ ಆ ಸಿಗ್ನಲ್ ಕೂಡ ಬೇಡ, ಅಲ್ವಾ?)

1994ರ ಏಪ್ರಿಲ್‌ನಲ್ಲಿ ಶುರುವಾದ ಈ ಸೇತುವೆಯ ಉದ್ದ 1,170 ಮೀಟರ್. ದುಡ್ಡು ಕೊಟ್ಟದ್ದು ಆಸ್ಟ್ರೇಲಿಯ. ರಸ್ತೆಯ ನಡುವೆಯೇ ಮೀಟರ್ ಗೇಜ್ ಹಳಿ ಇದೆ, ಹಿಂದೆ ನಮ್ಮ ಮಂಗಳೂರು-ಹಾಸನ ಮಾರ್ಗದಲ್ಲಿ ಇತ್ತಲ್ಲ, ಅದೇ ಅಳತೆ. 2009ರಿಂದ ಅದರ ಮೇಲೆ ರೈಲು ಓಡುತ್ತಿದೆ. ರೈಲು ಬಂತೆಂದರೆ ಗಾಡಿಗಳೆಲ್ಲ ದಡದಲ್ಲೇ ನಿಲ್ಲಬೇಕು.

ಈ ತಾಪತ್ರಯ ದೂರದ್ದು ಅಂದುಕೊಳ್ಳಬೇಡಿ. ಮಿಜೋರಾಂನ ಜೋಖಾವ್ಥಾರ್‌ನಲ್ಲಿ ತಿಯಾವ್ ನದಿಯೇ ಗಡಿ, ಸೇತುವೆಯ ಆಚೆ ಮ್ಯಾನ್ಮಾರ್. ಅವರು 1970ರಿಂದ ಬಲಬದಿಯವರು. ತ್ರಿಪುರಾದ ಸಬ್ರೂಮಿನಲ್ಲಿ ಫೆನಿ ನದಿಗೆ 2021ರಲ್ಲಿ ಉದ್ಘಾಟನೆಯಾದ ಮೈತ್ರಿ ಸೇತುವೆಯಲ್ಲಿ ಈ ಗೊಡವೆ ಇಲ್ಲ, ಬಾಂಗ್ಲಾದೇಶವೂ ಎಡಬದಿ.

ನಿಜ ಹೇಳಬೇಕೆಂದರೆ ಎಡ-ಬಲದ್ದು ಸಣ್ಣ ಸಂಗತಿ, ಒಂದು ಸಿಗ್ನಲ್ ಹಾಕಿದರೆ ಮುಗಿಯಿತು. ನೆಲದ ವಿಷಯ ಹಾಗಲ್ಲ. ಆಫ್ರಿಕಾದ ಜಾಂಬಿಯಾ ಮತ್ತು ಬೋಟ್ಸ್ವಾನ ಎರಡೂ ಎಡಬದಿಯವೇ. ಆದರೆ ಜಾಂಬೆಜಿ ನದಿಯಲ್ಲಿ ಇಬ್ಬರ ನಡುವಿನ ಗಡಿ ಇರುವುದು ಸುಮಾರು 150 ಮೀಟರ್ ಮಾತ್ರ. ಒಂದು ಕಡೆ ನಮೀಬಿಯಾ ಮೂಗು ತೂರಿಸಿದೆ, ಇನ್ನೊಂದು ಕಡೆ ಜಿಂಬಾಬ್ವೆ. ಹಾಗಾಗಿ 2021ರಲ್ಲಿ ತೆರೆದ 923 ಮೀಟರಿನ ಕಜುಂಗುಲ ಸೇತುವೆ ನೇರ ಹೋಗುವುದಿಲ್ಲ. ಜಿಂಬಾಬ್ವೆಯ ನೆಲ ತಾಗದಂತೆ ಬಿಲ್ಲಿನ ಹಾಗೆ ಬಾಗಿದೆ. ಅದಕ್ಕೆ ಮೊದಲು ಅಲ್ಲಿ ಇದ್ದದ್ದು ಕಡವು, ಲಾರಿ ಹೊರುವ ದೊಡ್ಡ ತೆಪ್ಪ. ಒಮ್ಮೆಗೆ ಒಂದೆರಡು ಲಾರಿ ಹೋದರೆ ಹೆಚ್ಚು, ಉಳಿದವರು ದಿನಗಟ್ಟಲೆ ಕಾಯಬೇಕು. 2003ರಲ್ಲಿ ಓವರ್‌ಲೋಡ್ ಲಾರಿಯೊಂದರಿಂದ ತೆಪ್ಪವೇ ಮಗುಚಿ 18 ಜನ ಮುಳುಗಿ ಸತ್ತರು.

ಮುಂದಿನ ಸಲ ಹೆಜಮಾಡಿ ಕಡೆ ಬರುವಾಗ ನಿಮ್ಮ ಸೇತುವೆ ಎಷ್ಟು ನೇರ ಇದೆ ನೋಡಿ. ಟೋಲ್ ಮಾತ್ರ ಕೊಡಬೇಕು.