ಭಾನುವಾರವೇ ಏಕೆ ಕಡಿಯಬೇಕು?

ತುಮಕೂರು ನಗರದ ಓದುಗರೊಬ್ಬರ ಪತ್ರ: "ತಂದೆ ಬಿಟ್ಟುಹೋದ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಅಲ್ಲಿರುವ ಹಳೆಯ ಹುಣಸೆ ಮರ ನಕ್ಷೆಗೆ ಅಡ್ಡ ಬರುತ್ತದೆ. ಮುದಿ ಮರ, ಅದೂ ಸ್ವಂತ ಜಾಗದ್ದು, ಭಾನುವಾರ ಬೆಳಗಿನ ಜಾವ ಕಡಿದರೆ ಕೇಳುವವರಿಲ್ಲ ಎನ್ನುತ್ತಾರೆ ಗುತ್ತಿಗೆದಾರರು. ಪಕ್ಕದ ಮನೆಯವರು ಅರಣ್ಯ ಇಲಾಖೆಯ ಅನುಮತಿ ಬೇಕು ಎನ್ನುತ್ತಾರೆ. ಕಂದಾಯ ಕಟ್ಟುವವನು ನಾನು. ನನ್ನ ಮರಕ್ಕೆ ಯಾರದೋ ಅಪ್ಪಣೆ ಏಕೆ?"

ಸಂಪಾದಕರ ಉತ್ತರ:

ಕೇಳುವವರಿಲ್ಲ ಎಂದಾದರೆ ಭಾನುವಾರ ಬೆಳಗಿನ ಜಾವವೇ ಏಕೆ? ಬುಧವಾರ ಹಾಡಹಗಲಲ್ಲೇ ಕಡಿಯಬಹುದಲ್ಲ! ಕಚೇರಿಗೆ ರಜೆ ಇರುವ ದಿನ ನೋಡಿ ಮುಹೂರ್ತ ಇಡುವ ನಿಮ್ಮ ಗುತ್ತಿಗೆದಾರರಿಗೆ ಕಾನೂನು ನಿಮಗಿಂತ ಚೆನ್ನಾಗಿ ಗೊತ್ತಿದೆ. ಇನ್ನು ಮುದಿ ಮರ ಎಂಬ ಮಾತು. ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ ಎಂದು ನಮ್ಮ ಹಿರಿಯರು ಎಂದೋ ಕೇಳಿಬಿಟ್ಟಿದ್ದಾರೆ.

ನೀವು ಕೊಡಲಿ ಎತ್ತುವ ಮೊದಲು ಲೇಖನಿ ಎತ್ತಿದಿರಿ, ಅದಕ್ಕೆ ನಿಮ್ಮನ್ನು ಮೆಚ್ಚಬೇಕು. ನಮಗೆ ಬರುವ ಇಂಥ ಪತ್ರಗಳಲ್ಲಿ ಹೆಚ್ಚಿನವು ಕಡಿದಾದ ಮೇಲೆ ಬರೆದವು. ಆಗ ನಾವು ಹೇಳಬಹುದಾದದ್ದು ವಕೀಲರನ್ನು ಕಾಣಿ ಎಂಬುದೊಂದೇ.

ನಿಮ್ಮ ಪಕ್ಕದ ಮನೆಯವರು ಹೇಳಿದ್ದು ಸರಿ. ಕರ್ನಾಟಕದಲ್ಲಿ 1976ರಿಂದಲೇ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ಅದರ 8ನೇ ಪ್ರಕರಣದಂತೆ ಖಾಸಗಿ ಜಾಗದ ಮರವನ್ನೂ ವೃಕ್ಷಾಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ತೆಂಗು ಮುಂತಾದವಕ್ಕೆ ವಿನಾಯಿತಿ ಉಂಟು. ತಿದ್ದುಪಡಿಗಳಾದಂತೆ ಆ ಪಟ್ಟಿ ಉದ್ದವಾಗಿದೆ, ಹಾಗಾಗಿ ಇಂದಿನ ಪಟ್ಟಿಯನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲೇ ಕೇಳಿ ತಿಳಿಯಬೇಕು. ಹುಣಸೆಯನ್ನು ನೀಲಗಿರಿಯ ಸಾಲಿಗೆ ಸೇರಿಸುವ ಅಧಿಕಾರ ಗುತ್ತಿಗೆದಾರರಿಗಿಲ್ಲ. ಒಣಗಿದ, ರೋಗ ಹಿಡಿದ, ಗಾಳಿಗೆ ಉರುಳಿದ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರವಾದರೆ ಅನುಮತಿ ನಿರಾಕರಿಸುವಂತಿಲ್ಲ ಎಂದೂ ಅದೇ ಕಾಯಿದೆ ಹೇಳುತ್ತದೆ. ಅನುಮತಿ ಸಿಕ್ಕರೆ ಬದಲಿ ಗಿಡ ನೆಡುವ ಹೊಣೆಯೂ ಅದರ ಜೊತೆಗೇ ಬರುತ್ತದೆ. ಕೊಂಬೆಗಳಲ್ಲಿ ಗೂಡುಗಳಿವೆಯೇ ಎಂದೂ ಕತ್ತೆತ್ತಿ ನೋಡಿ. ಕಾಡುಹಕ್ಕಿಯ ಗೂಡು, ಮೊಟ್ಟೆಗಳನ್ನು ಕೆಡಿಸಿದವರನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗಾರರ ಜೊತೆಯಲ್ಲೇ ನಿಲ್ಲಿಸುತ್ತದೆ.

ನಿಮ್ಮ ಸಿಟ್ಟಿಗೂ ಸಲ್ಲಬೇಕಾದದ್ದು ಸಲ್ಲಲಿ. ಸರ್ಕಾರ ಜನರ ಮರಕ್ಕೆ ಕೈಹಾಕಿ ಕೆಡಿಸಿದ್ದೂ ಉಂಟು. ಶ್ರೀಗಂಧವನ್ನು ಟಿಪ್ಪು ಸುಲ್ತಾನ 1792ರಲ್ಲಿ ರಾಜವೃಕ್ಷವೆಂದು ಸಾರಿದ. ಅರಸರು ಹೋದರು, ಬ್ರಿಟಿಷರು ಹೋದರು, ಪ್ರಜಾಪ್ರಭುತ್ವ ಬಂತು, ಆದರೆ 2001ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗುವವರೆಗೆ ರೈತನ ಹೊಲದ ಬದುವಿನಲ್ಲಿ ಹುಟ್ಟಿದ ಗಂಧಕ್ಕೆ ರೈತ ಒಡೆಯನಾಗಿರಲಿಲ್ಲ. ಕಳುವಾದರೆ ಪೊಲೀಸರ ಪ್ರಶ್ನೆಗೆ ಉತ್ತರಿಸಬೇಕಾದವನು ಮಾತ್ರ ಅವನೇ. ಹೀಗಿದ್ದ ಮೇಲೆ ಗಂಧದ ಸಸಿ ಕಂಡರೆ ಕಿತ್ತೆಸೆಯದೆ ಇನ್ನೇನು ಮಾಡಿಯಾನು? ಕೊಡಗಿನ ಬಾಣೆ ಜಮೀನಿನವರನ್ನು, ಎಂದರೆ ಗದ್ದೆಗೆ ಸೇರಿಕೊಂಡು ಬಂದ ಮರಗಾಡಿನ ಜಮೀನು ಇರುವವರನ್ನು, ಮಾತನಾಡಿಸಿದರೆ ಮರದ ಹಕ್ಕಿನ ಕಥೆಯನ್ನು ಅವರು ಒಂದು ಸಂಜೆಗೆ ಮುಗಿಸುವುದಿಲ್ಲ. ಆದರೆ ನಿಮ್ಮ ಹುಣಸೆಯ ವಿಷಯ ಅಂಥದ್ದಲ್ಲ. ಯಾರೂ ಅದನ್ನು ನಿಮ್ಮಿಂದ ಕಸಿದುಕೊಳ್ಳುತ್ತಿಲ್ಲ. ಕಡಿಯುವ ಮೊದಲು ಒಂದು ಮಾತು ಕೇಳಿ ಎನ್ನುತ್ತಿದ್ದಾರೆ, ಅಷ್ಟೇ.

ಹುಣಸೆ ಎಂದ ಕೂಡಲೇ ನನಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೆನಪಾಗುತ್ತದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಕಾಡು ಹುಡುಕಿಕೊಂಡು ಹೋಗುವುದಿಲ್ಲ, ಊರ ನಡುವೆ ಜನರ ಹಿತ್ತಿಲಲ್ಲಿರುವ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಅಂಗಳಕ್ಕೆಲ್ಲ ಹಿಕ್ಕೆ, ಅರ್ಧ ತಿಂದು ಬೀಳಿಸಿದ ಮೀನಿನ ನಾತ, ಸಾಲದ್ದಕ್ಕೆ ಹಣ್ಣಿನ ಫಸಲಿಗೂ ಸಂಚಕಾರ. ಹಾಗಿದ್ದೂ ಆ ಊರಿನವರು ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಂಡರು, ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಹೊತ್ತರು. ಕೈಬಿಟ್ಟ ಫಸಲಿಗೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ಬಂತು. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ಆ ಮರಗಳೂ ಖಾಸಗಿಯವೇ, ಸ್ವಾಮಿ! ಅಲ್ಲಿಯೂ ಕಂದಾಯ ಕಟ್ಟುವವರಿದ್ದಾರೆ. ಅದೇ ವರ್ಷ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎನಿಸಿಕೊಂಡಿತು. ಪಶ್ಚಿಮ ಘಟ್ಟದ ಯಾವ ಹೆಮ್ಮರಕ್ಕೂ ಮೊದಲು ಆ ಗೌರವ ಸಂದದ್ದು ದೆವ್ವ ಕೂರುತ್ತದೆ ಎಂದು ನಾವು ಹೆಸರು ಕೆಡಿಸಿಟ್ಟ ಹುಣಸೆಗೆ.

ಸವಣೂರಿನದನ್ನೂ ಹೇಳಿಬಿಡುತ್ತೇನೆ. ಅಲ್ಲಿಯ ಜನ ದೊಡ್ಡಹುಣಸೆ ಎನ್ನುವುದು ಆಫ್ರಿಕಾ ಮೂಲದ ಬಾವೊಬಾಬ್ ಮರಗಳನ್ನು. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಸೌದೆ ಲೆಕ್ಕ ಹಾಕುತ್ತಾ ಕೂರದೆ ಅದನ್ನು ಮತ್ತೆ ಎತ್ತಿ ನಿಲ್ಲಿಸಿ ನೆಟ್ಟರು. ಬಿದ್ದ ಮರಕ್ಕೆ ಅಷ್ಟು ಮಾಡುವ ನಾಡಿನಲ್ಲಿ ನಿಂತ ಮರಕ್ಕಾಗಿ ನಕ್ಷೆಯ ಒಂದು ಗೋಡೆ ನಾಲ್ಕು ಅಡಿ ಈಚೆ ಸರಿಯಬಾರದೇ? ನಿಮ್ಮ ಎಂಜಿನಿಯರರನ್ನು ಒಮ್ಮೆ ಕೇಳಿ ನೋಡಿ. ಬಹುತೇಕ ನಕ್ಷೆಗಳಲ್ಲಿ ಅಡ್ಡ ಬರುವುದು ಮರವಲ್ಲ, ಎರಡನೆಯ ಕಾರಿಗೆಂದು ಬಿಟ್ಟ ಜಾಗ.

ಸರ್ಕಾರವೇ ಸಾಲುಸಾಲಾಗಿ ಕಡಿಯುತ್ತದೆ, ನನ್ನ ಒಂದು ಮರಕ್ಕೆ ಇಷ್ಟೆಲ್ಲ ಉಪದೇಶವೇ ಎಂದು ನೀವು ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಹುಲಿಕಲ್ಲು–ಕುದೂರು ರಸ್ತೆಯಲ್ಲಿ ಆಲದ ಮರಗಳನ್ನು ಮಕ್ಕಳಂತೆ ಬೆಳೆಸಿದ ಸಾಲುಮರದ ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಆ ಮರಗಳನ್ನು ರಸ್ತೆ ವಿಸ್ತರಣೆಯಿಂದ ಉಳಿಸಿಕೊಡಿ ಎಂದು ಆಕೆ ಮುಖ್ಯಮಂತ್ರಿಗೆ ಮನವಿ ಮಾಡಿಕೊಳ್ಳಬೇಕಾಯಿತು. ಬೆಂಗಳೂರಿನ ಉಕ್ಕಿನ ಮೇಲ್ಸೇತುವೆಗೆ 812 ಮರಗಳನ್ನು ಕಡಿಯಲು ಲೆಕ್ಕ ಹಾಕಿದ್ದರು. 2016ರಲ್ಲಿ ಜನ ಬೀದಿಗಿಳಿದದ್ದರಿಂದ ಮುಂದಿನ ವರ್ಷ ಯೋಜನೆ ಬಿದ್ದುಹೋಯಿತು. ಇಷ್ಟಾದರೂ ಪ್ರತಿ ಜುಲೈನಲ್ಲಿ ವನಮಹೋತ್ಸವ, ಒಂದು ಸಸಿಗೆ ಹನ್ನೆರಡು ಕೈ, ನಡುವೆ ಶಾಲು ಹೊದ್ದ ಸಚಿವರು. ಆ ಸಸಿಗೆ ಮಾರನೆಯ ದಿನ ನೀರು ಹಾಕಿದವರ ಫೋಟೊ ನಮ್ಮ ಕಚೇರಿಗೆ ಈವರೆಗೆ ಬಂದಿಲ್ಲ.

ಸಾರ್ವಜನಿಕ ಕಾಮಗಾರಿಗೆ ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕರೆಯಬೇಕೆಂಬ ನಿಯಮ ಈಗ ಕಾಯಿದೆಯಲ್ಲಿದೆ. ಆ ಪ್ರಕಟಣೆ ಬರುವುದು ಟೆಂಡರು ಜಾಹೀರಾತುಗಳ ಸಂದಿಯಲ್ಲಿ, ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರಗಳಲ್ಲಿ. ನೀವು ಹೇಗೂ ಅರ್ಜಿ ಹಿಡಿದು ಅರಣ್ಯ ಕಚೇರಿಗೆ ಹೋಗುತ್ತೀರಿ. ನಿಮ್ಮ ಕೆಲಸದ ಜೊತೆಗೆ ಸೂಚನಾ ಫಲಕದ ಮೇಲೂ ಕಣ್ಣಾಡಿಸಿ ಬನ್ನಿ. ಅಂಥ ಪ್ರಕಟಣೆ ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆದು ನಮಗೆ ಕಳುಹಿಸಿ. ಬಿಡಿಸಿ ಓದುವಷ್ಟು ದೊಡ್ಡ ಅಕ್ಷರಗಳಲ್ಲಿ, ಆಕ್ಷೇಪಣೆಯ ಕೊನೆಯ ದಿನಾಂಕದ ಸಮೇತ, ಇದೇ ಪುಟದಲ್ಲಿ ಬಿಟ್ಟಿಯಾಗಿ ಅಚ್ಚು ಹಾಕುತ್ತೇವೆ.