ಓದುಗರ ಪ್ರಶ್ನೆ: ಇಟಲಿಯ ಕೆಂಪು ಕಹಿ, ಕೊಡಗಿನ ಕೈಪುಳಿ

ಪ್ರಶ್ನೆ: ನಮ್ಮ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುತ್ತಿದ್ದೇವೆ. ಇಟಲಿಯಿಂದ ಬಂದಿದ್ದ ಅತಿಥಿಗಳು ಹೊರಡುವಾಗ ಕಂಪಾರಿ ಎಂಬ ಕೆಂಪು ಮದ್ಯದ ಬಾಟಲಿಯೊಂದನ್ನು ಉಡುಗೊರೆಯಾಗಿ ಕೊಟ್ಟು, ಊಟಕ್ಕೆ ಮೊದಲು ಕುಡಿಯಬೇಕೆಂದು ಹೇಳಿದರು. ಮೊದಲ ಗುಟುಕಿಗೇ ಕಷಾಯ ಕುಡಿದಂತಾಯಿತು. ಇದರಲ್ಲಿ ಏನೇನು ಹಾಕಿರುತ್ತಾರೆ? ಬಣ್ಣ ಹುಳುವಿನಿಂದ ಬರುತ್ತದೆ ಎನ್ನುವುದು ನಿಜವೇ? ಕಿತ್ತಳೆ ಜಾತಿಯ ಕಹಿ ಹಣ್ಣಾದ ನಮ್ಮ ಕೈಪುಳಿಯಿಂದ ಇಂಥದ್ದನ್ನು ಮನೆಯಲ್ಲೇ ಮಾಡಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ನಿಮಗೆ ಕಷಾಯ ನೆನಪಾದದ್ದು ಸರಿಯಾಗಿಯೇ ಇದೆ. ಬೇರು, ತೊಗಟೆ, ಸಿಪ್ಪೆ, ಸೊಪ್ಪುಗಳನ್ನು ಮದ್ಯಸಾರದಲ್ಲಿ ನೆನೆಸಿ ಔಷಧ ಮಾಡುತ್ತಿದ್ದ ಹಳೆಯ ಪದ್ಧತಿಯಿಂದಲೇ ಈ ಪಾನೀಯಗಳು ಹುಟ್ಟಿದವು. ಗಾಸ್ಪಾರೆ ಕಂಪಾರಿ ಎಂಬಾತ 1860ರಲ್ಲಿ ಉತ್ತರ ಇಟಲಿಯ ನೊವಾರಾ ಪಟ್ಟಣದಲ್ಲಿ ಈ ಮದ್ಯವನ್ನು ರೂಪಿಸಿ, ಅನಂತರ ಮಿಲಾನಿಗೆ ತನ್ನ ವ್ಯಾಪಾರವನ್ನು ಸಾಗಿಸಿದ. ಅದರ ಪಾಕವನ್ನು ಕಂಪನಿ ಇಂದಿಗೂ ಗುಟ್ಟಾಗಿಯೇ ಇಟ್ಟಿದೆ. ಗಿಡಮೂಲಿಕೆ ಮತ್ತು ಹಣ್ಣುಗಳನ್ನು ನೆನೆಸಿದ ನೀರು ಹಾಗೂ ಮದ್ಯಸಾರ ಎಂಬುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ. ಆದರೆ ಈ ಬಗೆಯ ಮದ್ಯಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ವಸ್ತುಗಳು ಯಾವುವು ಎಂಬುದು ಗುಟ್ಟಲ್ಲ, ಅವುಗಳಲ್ಲಿ ಹಲವು ಕೊಡಗಿನವರಿಗೆ ತೀರ ಅಪರಿಚಿತವೂ ಅಲ್ಲ.

ಮೊದಲನೆಯದು ಜೆನ್ಷಿಯನ್ ಬೇರು. ಆಲ್ಪ್ಸ್ ಪರ್ವತಗಳಲ್ಲಿ ಬೆಳೆಯುವ, ಹಳದಿ ಹೂ ಬಿಡುವ ಈ ಗಿಡದ ಬೇರಿನಲ್ಲಿ ಅಮರೋಜೆಂಟಿನ್ ಎಂಬ ಸತ್ವವಿದ್ದು, ಅದನ್ನು 5.8 ಕೋಟಿ ಪಟ್ಟು ತೆಳುವಾಗಿಸಿದರೂ ನಾಲಿಗೆ ಕಹಿಯನ್ನು ಗುರುತಿಸುತ್ತದೆಂದು ಹೇಳುತ್ತಾರೆ. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುವ ಕಿರಾತಕಡ್ಡಿಯೂ ಇದೇ ಸಸ್ಯ ಕುಟುಂಬಕ್ಕೆ ಸೇರಿದ್ದು, ಅದರಲ್ಲಿಯೂ ಇದೇ ಸತ್ವವಿದೆ. ಎರಡನೆಯದು ಸಿಂಕೋನಾ ತೊಗಟೆ. ಕ್ವಿನೈನ್ ದೊರೆಯುವ ಈ ಮರ ನಮ್ಮ ಕಾಫಿ ಗಿಡದ ಕುಟುಂಬಕ್ಕೇ ಸೇರಿದ್ದು ಎಂಬುದನ್ನು ತೋಟದವರಾದ ನಿಮಗೆ ಹೇಳುವಾಗ ನನಗೆ ವಿಶೇಷ ಸಂತೋಷವಾಗುತ್ತದೆ. ಇವುಗಳ ಜೊತೆಗೆ ಮಣ್ಣಿನ ವಾಸನೆಯ ರೂಬಾರ್ಬ್ ಬೇರು, ನಮ್ಮ ದವನದ ಹತ್ತಿರದ ನೆಂಟನಾದ ವರ್ಮ್‌ವುಡ್ ಸೊಪ್ಪು, ಕೆಲವು ಪಾಕಗಳಲ್ಲಿ ಏಲಕ್ಕಿ, ಲವಂಗಗಳೂ ಸೇರುತ್ತವೆ.

ಇಷ್ಟೆಲ್ಲ ಕಹಿಯನ್ನು ಕುಡಿಯುವಂತೆ ಮಾಡುವುದು ಕಿತ್ತಳೆಯ ಸಿಪ್ಪೆ. ಸಿಹಿ ಕಿತ್ತಳೆ ಮತ್ತು ಕಹಿ ಕಿತ್ತಳೆ ಎರಡನ್ನೂ ಬಳಸುವುದುಂಟು. ಸಿಪ್ಪೆಯ ಹೊರಮೈಯಲ್ಲಿರುವ ಸುಗಂಧ ತೈಲ ಮೂಗಿಗೆ ಮೊದಲು ತಲುಪುತ್ತದೆ, ಆಮೇಲೆ ಸಕ್ಕರೆ ನಾಲಿಗೆಗೆ ಹತ್ತುತ್ತದೆ, ಬೇರು ಮತ್ತು ತೊಗಟೆಗಳ ಕಹಿ ಎಲ್ಲಕ್ಕೂ ಕೊನೆಯಲ್ಲಿ ಬಂದು ಬಹಳ ಹೊತ್ತು ಬಾಯಲ್ಲಿ ಉಳಿಯುತ್ತದೆ. ಒಂದೇ ಗುಟುಕಿನಲ್ಲಿ ಹೀಗೆ ಒಂದರ ಹಿಂದೊಂದು ರುಚಿ ಬರುವುದೇ ಈ ಮದ್ಯದ ಗುಣವೆಂದು ನಾನು ತಿಳಿದಿದ್ದೇನೆ. ಕಹಿಯನ್ನು ಮರೆಸುವುದಕ್ಕಾಗಿ ಸಕ್ಕರೆ ಹಾಕಿದ್ದಾರೆಂದು ಭಾವಿಸಬಾರದು. ಕಹಿಯನ್ನು ತಾಳಿಕೊಳ್ಳುವಷ್ಟು ಮಾತ್ರ ಸಿಹಿಯನ್ನು ಅದರ ಜೊತೆಗೆ ನಿಲ್ಲಿಸಿದ್ದಾರೆ.

ಬಣ್ಣದ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆದ ಕಾರ್ಮೈನ್ ಬಣ್ಣವನ್ನು ಕಂಪಾರಿಗೆ ಹಾಕುತ್ತಿದ್ದರು. 2006ರ ಸುಮಾರಿನಿಂದ ಬಹುತೇಕ ದೇಶಗಳಿಗೆ ಹೋಗುವ ಬಾಟಲಿಗಳಲ್ಲಿ ಅದನ್ನು ಬಿಟ್ಟು ಕೃತಕ ಬಣ್ಣವನ್ನು ಬಳಸುತ್ತಿದ್ದಾರೆ. ನಿಮ್ಮ ಬಾಟಲಿಯ ಚೀಟಿಯಲ್ಲಿ ಇ-120 ಎಂದಿದ್ದರೆ ಅದು ಕೀಟದ ಬಣ್ಣ.

ಇನ್ನು ಕೈಪುಳಿ. ಕಹಿ ಮತ್ತು ಹುಳಿ ಎರಡನ್ನೂ ಹೆಸರಿನಲ್ಲೇ ಇಟ್ಟುಕೊಂಡಿರುವ ಈ ಹಣ್ಣು ನೆನೆಸುವುದಕ್ಕೆ ಬಹಳ ಒಳ್ಳೆಯದು. ಮನೆಯಲ್ಲಿ ಬಟ್ಟಿ ಇಳಿಸುವುದು ಕಾನೂನಿಗೆ ವಿರುದ್ಧವಾದದ್ದು, ಅದರ ಅಗತ್ಯವೂ ಇಲ್ಲ. ಅಂಗಡಿಯಿಂದ ತಂದ ವೋಡ್ಕಾ ಸಾಕು. ಹಣ್ಣನ್ನು ಚೆನ್ನಾಗಿ ತೊಳೆದು ಒರೆಸಿ, ಸಿಪ್ಪೆಯ ಹೊರಪದರವನ್ನು ಮಾತ್ರ ತೆಳ್ಳಗೆ ಹೆರೆದು, ಗಾಜಿನ ಭರಣಿಯಲ್ಲಿ ಒಂದು ವಾರ ನೆನೆಸಿರಿ. ಒಳಗಿನ ಬಿಳಿಯ ಪದರ ಸೇರಿದರೆ ಸುವಾಸನೆಯಿಲ್ಲದ ಒರಟು ಕಹಿ ಬರುತ್ತದೆ. ಕಿರಾತಕಡ್ಡಿಯ ಒಂದೆರಡು ಚೂರನ್ನು ಬೇರೆಯೇ ಒಂದು ಸಣ್ಣ ಸೀಸೆಯಲ್ಲಿ ನೆನೆಸಿಟ್ಟು, ಎರಡನ್ನೂ ಸೋಸಿದ ಮೇಲೆ, ಕೈಪುಳಿ ನೆನೆಸಿದ ವೋಡ್ಕಾಕ್ಕೆ ಸಕ್ಕರೆ ಪಾಕ ಬೆರೆಸಿ, ಕಿರಾತಕಡ್ಡಿ ನೆನೆಸಿದ್ದನ್ನು ಹನಿಹನಿಯಾಗಿ ಸೇರಿಸುತ್ತ ರುಚಿ ನೋಡಬೇಕು. ಒಮ್ಮೆಗೇ ಸುರಿದರೆ ಆ ಕಹಿಯನ್ನು ಹಿಂದಕ್ಕೆ ತೆಗೆಯಲಾಗುವುದಿಲ್ಲ. ಸಿಂಕೋನಾ ತೊಗಟೆಯನ್ನು ಮಾತ್ರ ದಯವಿಟ್ಟು ಬಳಸಬೇಡಿ. ಅದರ ಪ್ರಮಾಣ ಹೆಚ್ಚಾದರೆ ಕಿವಿಯಲ್ಲಿ ಗುಂಯ್‌ಗುಡುವುದು, ತಲೆನೋವು, ವಾಕರಿಕೆ ಶುರುವಾಗುತ್ತವೆ, ಮತ್ತು ಮನೆಯಲ್ಲಿ ಅದನ್ನು ಅಳೆಯುವ ಉಪಾಯವಿಲ್ಲ.

ಪ್ರಶ್ನೆ: ಅಪೆರಾಲ್, ಫೆರ್ನೆಟ್, ಕಂಪಾರಿ ಎಲ್ಲವೂ ಒಂದೇ ಬಗೆಯವೇ? ಇವು ಜೀರ್ಣಕ್ಕೆ ಒಳ್ಳೆಯವೆಂದು ಕೇಳಿದ್ದೇನೆ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ನಾವು ಮದ್ದುಸೊಪ್ಪಿನ ಪಾಯಸ ತಿನ್ನುವಂತೆ ಇವನ್ನೂ ಔಷಧವೆಂದು ತೆಗೆದುಕೊಳ್ಳಬಹುದೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಕಹಿ ಎಲ್ಲಕ್ಕೂ ಸಮಾನ, ಕುಡಿಯುವ ಹೊತ್ತು ಬೇರೆ. ತೆರೆಯುವುದು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಅಪೆರಿಟಿವೊ ಊಟಕ್ಕೆ ಮೊದಲಿನದು, ಹಸಿವನ್ನು ತೆರೆಯುವಂಥದ್ದು. ಕಂಪಾರಿ ಮತ್ತು ಅಪೆರಾಲ್ ಈ ಗುಂಪಿನವು. 1919ರಲ್ಲಿ ಪಡುವಾ ನಗರದಲ್ಲಿ ಬಾರ್ಬಿಯೇರಿ ಸಹೋದರರು ಹೊರತಂದ ಅಪೆರಾಲ್‌ನಲ್ಲಿ ಮದ್ಯಸಾರ ಶೇಕಡ 11 ಮಾತ್ರ. ಇಟಲಿಯಲ್ಲಿ ಮಾರುವ ಕಂಪಾರಿಯಲ್ಲಿ ಶೇಕಡ 25. ಯುರೋಪಿನ ಕಾನೂನಿನಂತೆ ಲಿಕ್ಯೂರ್ (ಸಿಹಿ ಬೆರೆಸಿದ ಮದ್ಯ) ಎನ್ನಿಸಿಕೊಳ್ಳಲು ಕನಿಷ್ಠ ಶೇಕಡ 15 ಮದ್ಯಸಾರವಿರಬೇಕಾದ್ದರಿಂದ ಅಪೆರಾಲ್ ಆ ಹೆಸರಿಗೆ ಸಲ್ಲುವುದಿಲ್ಲ. 1845ರಲ್ಲಿ ಮಿಲಾನಿನಲ್ಲಿ ಹುಟ್ಟಿದ ಫೆರ್ನೆಟ್ ಬ್ರಾಂಕಾ ಊಟದ ನಂತರದ ಅಮಾರೊ ಗುಂಪಿನದು. 27 ಮೂಲಿಕೆಗಳಿರುವ ಅದು ಕಪ್ಪಾಗಿ, ಗಡುಸಾಗಿರುತ್ತದೆ.

ಕಹಿ ತಗುಲಿದೊಡನೆ ಬಾಯಲ್ಲಿ ನೀರೂರುವುದು ನಿಜ, ಹಸಿವಾದಂತೆ ಅನ್ನಿಸುವುದೂ ನಿಜ. ಆದರೆ ಅಷ್ಟರಿಂದ ಮದ್ಯ ಔಷಧವಾಗುವುದಿಲ್ಲ. ಮದ್ದುಸೊಪ್ಪಿನ ಪಾಯಸವನ್ನು ಮಕ್ಕಳಿಗೂ ಬಡಿಸುತ್ತೇವೆ. ಇದನ್ನು ಹಾಗೆ ಬಡಿಸಲಾಗದು. ಹೊಟ್ಟೆಹುಣ್ಣು ಅಥವಾ ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು ಇದರಿಂದ ದೂರವಿರಬೇಕು. ರುಚಿಗಾಗಿ ಕುಡಿಯುವವರಿಗೆ ನನ್ನ ಸಲಹೆ ಇಷ್ಟು: ಮೊದಲ ಸಲ ಒಂದು ತುಂಡು ಮಂಜುಗಡ್ಡೆಯ ಮೇಲೆ ಒಂದೆರಡು ಚಮಚದಷ್ಟು ಕಂಪಾರಿ ಹಾಕಿ ಹಾಗೆಯೇ ಚಪ್ಪರಿಸಿ ನೋಡಿ, ಆಮೇಲೆ ಸೋಡಾ ಬೆರೆಸಿ ಕೊಡಗಿನ ಕಿತ್ತಳೆಯ ಒಂದು ಹೋಳನ್ನು ಹಿಂಡಿಕೊಳ್ಳಿ. ಜೊತೆಗೆ ಉಪ್ಪು ಹಾಕಿ ಹುರಿದ ಗೋಡಂಬಿಯೋ ಕಡಲೆಕಾಯಿಯೋ ಇರಲಿ, ಉಪ್ಪು ತಗುಲಿದರೆ ಕಹಿ ಮೆತ್ತಗಾಗುತ್ತದೆ.